ಬೆನ್ನೊಳಗಿನ ಸರಳು ಮತ್ತು ನಂಜು

ಬೆನ್ನಿಗೆ ರಾಡ್ ಹಾಕಿಸಿಕೊಂಡವರ ಗಾಯದಲ್ಲಿ ಕೀವು ಕಾಣಿಸಿಕೊಂಡರೆ ನಮ್ಮ ಕಡೆ ಎರಡು ಮಾತು ಹುಟ್ಟುತ್ತವೆ. ನೋಡಲು ಬಂದ ನೆಂಟರಲ್ಲಿ ಒಬ್ಬರು "ಕಬ್ಬಿಣ ಮೈಗೆ ಒಗ್ಗಲಿಲ್ಲ ಕಣ್ರೀ" ಅನ್ನುತ್ತಾರೆ. ಇನ್ನೊಬ್ಬರು "ಬದನೆಕಾಯಿ ಗಿದನೆಕಾಯಿ ಕೊಟ್ಟಿರಬೇಕು, ನಂಜಾಗಿದೆ" ಎಂದು ಮನೆಯ ಹೆಂಗಸರ ಮುಖ ನೋಡುತ್ತಾರೆ. ಎರಡನೆಯದು ಕ್ರೂರವಾದ ಮಾತು. ಹಗಲಿರುಳು ಆರೈಕೆ ಮಾಡಿದವರ ತಲೆಗೇ ಅದು ತಪ್ಪು ಕಟ್ಟುತ್ತದೆ, ಮತ್ತು ಅದು ಸುಳ್ಳು. ಮೊದಲನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಲೋಹವೇ ಮೈಗೆ ಆಗಿಬರಲಿಲ್ಲವೋ, ಲೋಹದ ಜೊತೆಗೆ ಇನ್ನೇನೋ ಒಳಗೆ ಹೊಕ್ಕಿತೋ ಎಂಬ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಸರ್ಜನ್ನರಿಗೇ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನೂರು ವರ್ಷಗಳ ಕಥೆ ಇದು.

ಕಥೆ ಶುರುವಾಗುವುದು ಮಂಡಿಯಿಂದ. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ರೋಗಿಯೊಬ್ಬನ ಮುರಿದ ಮಂಡಿಚಿಪ್ಪನ್ನು ಕೊಯ್ದು ತೆರೆದು, ಎರಡು ತುಂಡುಗಳನ್ನು ಬೆಳ್ಳಿ ತಂತಿಯಿಂದ ಬಿಗಿದರು. ಮೇಲಿನ ಚರ್ಮ ಹರಿಯದಿದ್ದ ಮುರಿತ ಅದು. ಮೂಳೆ ಮುರಿದು ಚರ್ಮವೂ ಹರಿದರೆ ಒಂದೋ ಕಾಲು ಕತ್ತರಿಸಬೇಕು, ಇಲ್ಲವೇ ರೋಗಿ ಕೊಳೆತು ಸಾಯುತ್ತಾನೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಗಟ್ಟಿಯಾಗಿದ್ದ ಚರ್ಮವನ್ನು ವೈದ್ಯನೇ ಕೊಯ್ಯುವುದೆಂದರೇನು? ಈ ರೋಗಿ ಸತ್ತರೆ ಲಿಸ್ಟರ್ ಮೇಲೆ ಮೊಕದ್ದಮೆ ಹೂಡಬೇಕೆಂದು ಲಂಡನ್ನಿನ ಸರ್ಜನ್ನರೊಬ್ಬರು ಗೊಣಗಿದ್ದರಂತೆ. ರೋಗಿ ಸಾಯಲಿಲ್ಲ, ಗಾಯ ಕೀವಾಗಲೂ ಇಲ್ಲ. ಹನ್ನೆರಡು ವರ್ಷಗಳ ಹಿಂದೆ, 1865ರಲ್ಲಿ, ಗ್ಲಾಸ್ಗೋದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದುಕೊಂಡ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ಕಾಲನ್ನು ಉಳಿಸಿದವರು ಅವರು. ಕೀವಿಗೆ ಕಾರಣ ಹೊರಗಿನಿಂದ ಬರುವ ಸೂಕ್ಷ್ಮಜೀವಿ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆ ಬೆಳ್ಳಿ ತಂತಿ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಜೀವಿ ಒಳಗೆ ಹೋಗದಂತೆ ನೋಡಿಕೊಂಡರೆ ಲೋಹವನ್ನು ಮೈಯೊಳಗೇ ಬಿಟ್ಟು ಹೊಲಿಗೆ ಹಾಕಬಹುದೆಂಬ ಧೈರ್ಯ ಅಲ್ಲಿಂದ ಬಂತು.

ಬೆನ್ನಿಗೆ ಲೋಹ ಬಂದದ್ದು 1891ರಲ್ಲಿ. ಅಮೆರಿಕದ ಟೆಕ್ಸಸ್ ಸೀಮೆಯ ಗ್ಯಾಲ್ವೆಸ್ಟನ್ ಊರಿನಲ್ಲಿ ಬರ್ಟೋಲ್ಡ್ ಹಾದ್ರಾ ಎಂಬ ಸರ್ಜನ್ ಕತ್ತಿನ ಮೂಳೆ ಮುರಿದವನೊಬ್ಬನ ಕಶೇರುಗಳ ಹಿಂಚಾಚುಗಳನ್ನು ತಂತಿಯಿಂದ ಸುತ್ತಿ ಕಟ್ಟಿದರು. ಬೆನ್ನುಮೂಳೆಯ ಕ್ಷಯಕ್ಕೂ ಇದೇ ಉಪಾಯ ಆಗಬಹುದೆಂದು ಬರೆದರು. ಬೆನ್ನು ಗೂನಾಗಿ ಕಾಲು ಸೋತ ಕ್ಷಯರೋಗಿಗಳು ಆಗ ಎಲ್ಲ ದೇಶಗಳಲ್ಲೂ ಇದ್ದರು. ಮ್ಯೂನಿಕ್‌ನ ಫ್ರಿಟ್ಸ್ ಲಾಂಗೆ 1910ರ ಸುಮಾರಿಗೆ ಅಂಥವರ ಬೆನ್ನಿನ ಎರಡು ಬದಿಗೂ ಉಕ್ಕಿನ ಸರಳಿಟ್ಟು ರೇಷ್ಮೆ ದಾರದಿಂದ ಬಿಗಿದು ನೋಡಿದರು. ಮರುವರ್ಷ ನ್ಯೂಯಾರ್ಕಿನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಲೋಹದ ಸಹವಾಸವೇ ಬೇಡವೆಂದು ಮೂಳೆಗೆ ಮೂಳೆ ಬೆಸೆಯುವ ದಾರಿ ಹಿಡಿದರು. ಬಹಳ ಕಾಲ ಗೆದ್ದದ್ದು ಆ ದಾರಿಯೇ. ರೋಗಿಗಳು ಪ್ಲಾಸ್ಟರ್ ಅಂಗಿಯೊಳಗೆ ತಿಂಗಳುಗಟ್ಟಲೆ ಮಲಗಿದರು.

ಲೋಹ ಹಿಂದೆ ಸರಿಯಲು ಕಾರಣವಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯ ವಿಲಿಯಂ ಆರ್ಬತ್‌ನಾಟ್ ಲೇನ್ ಕಾಲಿನ ಮುರಿತಗಳಿಗೆ ಉಕ್ಕಿನ ಪ್ಲೇಟು, ಸ್ಕ್ರೂ ಹಾಕುತ್ತಿದ್ದರು. ಶುಚಿಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ. ಗ್ಲೌಸ್ ಹಾಕಿದ ಕೈ ಕೂಡ ಗಾಯದೊಳಗೆ ಹೋಗಕೂಡದೆಂದು ಉದ್ದ ಹಿಡಿಯ ಉಪಕರಣಗಳನ್ನೇ ಮಾಡಿಸಿದ್ದರು. ಗಾಯ ಮುಟ್ಟುವ ತುದಿಯನ್ನು ಯಾರೂ ಬೆರಳಿನಿಂದ ಮುಟ್ಟುವಂತಿರಲಿಲ್ಲ. ಆದರೂ ಕೆಲವರಲ್ಲಿ ಪ್ಲೇಟಿನ ಸುತ್ತ ಮೂಳೆ ಕರಗುತ್ತಿತ್ತು, ಸ್ಕ್ರೂ ಸಡಿಲವಾಗುತ್ತಿತ್ತು, ನೀರೂ ಒಸರುತ್ತಿತ್ತು. ಇಷ್ಟು ಶುಚಿಯಾಗಿ ಮಾಡಿದರೂ ಹೀಗಾಗುವುದಾದರೆ ದೋಷ ಲೋಹದ್ದೇ ಇರಬೇಕು ಎಂದು ಜನ ಯೋಚಿಸಿದರು. ಅದು ಅರ್ಧ ನಿಜವೂ ಆಗಿತ್ತು. 1937ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದ ಚಾರ್ಲ್ಸ್ ವೆನಬಲ್ ಮತ್ತು ವಾಲ್ಟರ್ ಸ್ಟಕ್ ನಾಯಿಗಳ ಮೂಳೆಗೆ ಬೇರೆ ಬೇರೆ ಲೋಹದ ಸ್ಕ್ರೂ ಹಾಕಿ ಪರೀಕ್ಷಿಸಿದರು. ದೇಹದ ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹಗಳು ಸೇರಿದರೆ ಸಣ್ಣ ವಿದ್ಯುತ್ ಹರಿದು, ಲೋಹ ಸವೆದು, ಸುತ್ತಲಿನ ಮೂಳೆ ಹಾಳಾಗುವುದನ್ನು ತೋರಿಸಿದರು. ಹಲ್ಲಿನ ಕೆಲಸಕ್ಕೆ ಬಳಸುತ್ತಿದ್ದ ವೈಟಾಲಿಯಂ ಎಂಬ ಕೋಬಾಲ್ಟ್ ಮಿಶ್ರಲೋಹ ಹಾಗೆ ಸವೆಯಲಿಲ್ಲ. ಅಲ್ಲಿಂದ ಮುಂದೆ ಮೈಗೆ ಒಗ್ಗುವ ಲೋಹಗಳು ಬಂದವು, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಬಂತು, ಆಮೇಲೆ ಟೈಟಾನಿಯಂ. ಒಗ್ಗದ ಲೋಹದ ಸಮಸ್ಯೆ ಹೆಚ್ಚುಕಡಿಮೆ ಮುಗಿಯಿತು. ಕೀವು ಮಾತ್ರ ಮುಗಿಯಲಿಲ್ಲ.

ಬೆನ್ನಿನ ಸರಳು ನಿಜವಾಗಿ ಬೇರೂರಿದ್ದೂ ಟೆಕ್ಸಸ್ಸಿನಲ್ಲಿಯೇ. ಯುದ್ಧ ಮುಗಿಸಿ ಬಂದ ಪಾಲ್ ಹ್ಯಾರಿಂಗ್ಟನ್ 1940ರ ದಶಕದ ಕೊನೆಯಲ್ಲಿ ಹ್ಯೂಸ್ಟನ್‌ನ ಜೆಫರ್ಸನ್ ಡೇವಿಸ್ ಆಸ್ಪತ್ರೆಯಲ್ಲಿ ಪೋಲಿಯೊ ಮಕ್ಕಳನ್ನು ನೋಡುತ್ತಿದ್ದರು. ಒಂದು ಬದಿಯ ಸ್ನಾಯು ಸೋತು ಆ ಮಕ್ಕಳ ಬೆನ್ನು ಹಾವಿನಂತೆ ಬಳುಕಿ ಕುಸಿಯುತ್ತಿತ್ತು. ಪ್ಲಾಸ್ಟರ್ ಅಂಗಿ ಹಾಕೋಣವೆಂದರೆ ಉಸಿರಾಟವೇ ದುರ್ಬಲ. ಎದೆಯ ಮೇಲೆ ಅಷ್ಟು ಬಿಗಿತ ತಡೆಯಲು ಹಲವು ಮಕ್ಕಳಿಗೆ ಆಗುತ್ತಿರಲಿಲ್ಲ. ಒಳಗಿನಿಂದಲೇ ಆಸರೆ ಕೊಡದೆ ಬೇರೆ ದಾರಿಯಿರಲಿಲ್ಲ. ಹ್ಯಾರಿಂಗ್ಟನ್ ಮೊದಲು ಕಶೇರುಗಳ ಸಂದಿಗೆ ಸ್ಕ್ರೂ ಹಾಕಿದರು, ಅದು ನಿಲ್ಲಲಿಲ್ಲ. ಆಮೇಲೆ ಬಂದದ್ದು ಎರಡು ತುದಿಗೂ ಕೊಕ್ಕೆಯಿರುವ ಸ್ಟೀಲ್ ಸರಳು. ಸರಳಿನ ಒಂದು ತುದಿಯಲ್ಲಿ ಸಾಲಾಗಿ ಕಚ್ಚುಗಳು. ಕಾರಿನ ಜಾಕ್ ಏರಿಸಿದಂತೆ ಒಂದೊಂದೇ ಕಚ್ಚು ಕೊಕ್ಕೆಯನ್ನು ದೂಡಿದರೆ ಬಾಗಿದ ಬೆನ್ನು ನೀಳವಾಗುತ್ತಿತ್ತು. ಮೂಳೆ ಬೆಸೆಯದೆ ಬರೀ ಸರಳನ್ನು ನಂಬಿದಾಗ ಸರಳು ಮುರಿಯುತ್ತಿತ್ತು, ಹಾಗಾಗಿ ಹಿಬ್ಸ್ ತೋರಿಸಿದ ಬೆಸುಗೆಯನ್ನೂ ಅದಕ್ಕೆ ಸೇರಿಸಿದರು. 1962ರಲ್ಲಿ ಅವರ ಪ್ರಬಂಧ ಅಚ್ಚಾದ ಮೇಲೆ ಹ್ಯಾರಿಂಗ್ಟನ್ ರಾಡ್ ದೇಶದೇಶಗಳಿಗೆ ಹೋಯಿತು.

ಈ ಆಪರೇಷನ್ ಹೇಗೆ ನಡೆಯುತ್ತದೆಂದು ತಿಳಿಯದೆ ಇದರಲ್ಲಿ ನಂಜಿನ ಅಪಾಯ ಯಾಕೆ ಹೆಚ್ಚು ಎಂಬುದು ಅರ್ಥವಾಗದು. ರೋಗಿಯನ್ನು ಬೋರಲು ಮಲಗಿಸಿ ಬೆನ್ನಿನ ನಟ್ಟನಡುವೆ ಉದ್ದಕ್ಕೆ ಕೊಯ್ಯುತ್ತಾರೆ. ಮೂಳೆಗೆ ಅಂಟಿದ ದಪ್ಪ ಸ್ನಾಯುವನ್ನು ಎರಡೂ ಬದಿಗೆ ಕೆರೆದು ಬಿಡಿಸುತ್ತಾರೆ. ಅದು ಮತ್ತೆ ಮುಚ್ಚಿಕೊಳ್ಳದಂತೆ ರಿಟ್ರ್ಯಾಕ್ಟರ್ ಹಾಕಿ ಗಂಟೆಗಟ್ಟಲೆ ಬಿಗಿಹಿಡಿಯುತ್ತಾರೆ. ಒತ್ತಡಕ್ಕೆ ಸಿಕ್ಕ ಸ್ನಾಯುವಿಗೆ ಅಷ್ಟು ಹೊತ್ತು ರಕ್ತ ಸರಿಯಾಗಿ ಹರಿಯುವುದಿಲ್ಲ, ಅಂಚಿನ ಮಾಂಸ ಸಾಯುತ್ತದೆ. ಸರಳು, ಸ್ಕ್ರೂ ಎಲ್ಲ ಕೂರಿಸಿ ಹೊಲಿದ ಮೇಲೆ ಒಳಗೆ ಒಂದಷ್ಟು ಖಾಲಿ ಜಾಗ ಉಳಿದು, ಅಲ್ಲಿ ರಕ್ತ ನಿಲ್ಲುತ್ತದೆ. ಗಾಯ ಸೊಂಟದ ಕೆಳಗಿನವರೆಗೆ ಹೋದರೆ ಮಲದ ಬ್ಯಾಕ್ಟೀರಿಯಾ ಕೂಡ ಹತ್ತಿರ. ಅಮೆರಿಕದ ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿ 2004ರಿಂದ 2007ರವರೆಗಿನ 1,08,419 ಬೆನ್ನಿನ ಆಪರೇಷನ್‌ಗಳ ಲೆಕ್ಕ ತೆಗೆದಾಗ ನೂರಕ್ಕೆ 2.1ರಲ್ಲಿ ಸೋಂಕು ಕಂಡಿತ್ತು. ಲೋಹ ಹಾಕಿದವರಲ್ಲಿ ಅದು 2.3, ಹಾಕದವರಲ್ಲಿ 1.8. ಅಂತರ ನೋಡಲು ಸಣ್ಣದು. ಆದರೆ ಲೋಹವಿದ್ದಲ್ಲಿ ಬಂದ ನಂಜು ಬೇಗ ಬಿಟ್ಟುಹೋಗುವ ಜಾತಿಯದಲ್ಲ, ಮತ್ತು ಅದಕ್ಕೆ ಕಾರಣ ಹುಡುಕಿದವರು ಬೆನ್ನಿನ ವೈದ್ಯರಲ್ಲ.

1957ರಲ್ಲಿ ಲಂಡನ್ನಿನ ಸ್ಟೀಫನ್ ಎಲೆಕ್ ಮತ್ತು ಕೋನೆನ್ ಒಂದು ಸರಳ ಪ್ರಶ್ನೆ ಇಟ್ಟುಕೊಂಡರು. ಮನುಷ್ಯನ ಚರ್ಮದಲ್ಲಿ ಕೀವಾಗಬೇಕಾದರೆ ಎಷ್ಟು ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಕು? ಸ್ವಯಂಸೇವಕರು ತೋಳು ಕೊಟ್ಟರು. ಬ್ಯಾಕ್ಟೀರಿಯಾವನ್ನು ಎಣಿಸಿ ಎಣಿಸಿ ಚರ್ಮದೊಳಕ್ಕೆ ಚುಚ್ಚಿದರು. ಸಾವಿರ ಸಾಲದು, ಲಕ್ಷವೂ ಸಾಲದು, ಹತ್ತಾರು ಲಕ್ಷ ಬೇಕಾಯಿತು. ಆರೋಗ್ಯವಂತ ಮೈ ಅಷ್ಟನ್ನೂ ನುಂಗಿ ಅರಗಿಸಿಕೊಳ್ಳುತ್ತಿತ್ತು. ಆಮೇಲೆ ಅದೇ ಬ್ಯಾಕ್ಟೀರಿಯಾವನ್ನು ರೇಷ್ಮೆಯ ಹೊಲಿಗೆ ದಾರಕ್ಕೆ ತಾಕಿಸಿ ಆ ದಾರವನ್ನು ಚರ್ಮದಲ್ಲಿ ಬಿಟ್ಟರು. ಕೀವಾಗಲು ಕೆಲವು ನೂರು ಸಾಕಾಯಿತು. ಹತ್ತು ಸಾವಿರ ಪಟ್ಟು ಇಳಿಕೆ. ರೇಷ್ಮೆ ಮೈಗೆ ಒಗ್ಗದ ವಸ್ತುವೇನಲ್ಲ, ತಲೆತಲಾಂತರದಿಂದ ಗಾಯ ಹೊಲಿದ ದಾರ ಅದು. ಒಳಗಿಟ್ಟ ಪರವಸ್ತು ತಾನಾಗಿ ಕೀವು ಹುಟ್ಟಿಸುವುದಿಲ್ಲ. ಮೈ ಗೆಲ್ಲಬಹುದಾಗಿದ್ದ ಒಂದು ಸಣ್ಣ ದಂಡಿಗೆ ಅದು ಅಡಗುದಾಣವಾಗುತ್ತದೆ. "ಒಗ್ಗಲಿಲ್ಲ" ಎಂಬ ಮಾತಿಗೆ ಸಿಕ್ಕ ಮೊದಲ ನೇರ ಉತ್ತರ ಇದು ಎಂದು ನನ್ನ ಎಣಿಕೆ. ಒಂದೆಳೆ ರೇಷ್ಮೆಗೇ ಹೀಗಾದರೆ ಎರಡು ಸರಳು, ಹತ್ತಾರು ಸ್ಕ್ರೂಗಳಿಗೆ ಹೇಗಾದೀತು!

ಆ ಕೆಲವು ನೂರು ಎಲ್ಲಿಂದ ಬರುತ್ತವೆ ಎಂದು ಬೆನ್ನುಹತ್ತಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಲ್ಯಾಂಕಾಶೈರ್‌ನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರು ಸವೆದ ಸೊಂಟದ ಕೀಲಿನ ಬದಲಿಗೆ ಹೊಸ ಕೀಲು ಕೂರಿಸುತ್ತಿದ್ದರು. ಮೊದಮೊದಲು ನೂರಕ್ಕೆ ಏಳರಿಂದ ಒಂಬತ್ತು ಜನರಿಗೆ ಕೀವಾಗುತ್ತಿತ್ತು. ಇವರ ಮುಂದೆಯೂ ಅದೇ ಹಳೆಯ ಗೊಂದಲ: ಕೀಲಿನ ಬಟ್ಟಲಿಗೆ ಬಳಸಿದ ಟೆಫ್ಲಾನ್ ಸವೆದು ಪುಡಿಯಾಗಿ ಸುತ್ತ ಕೆಟ್ಟ ಗಂಟು ಕಟ್ಟುತ್ತಿತ್ತು. ಯಾವುದು ವಸ್ತುವಿನ ದೋಷ, ಯಾವುದು ನಂಜು ಎಂದು ತಿಳಿಯಲು ಚಾರ್ನ್‌ಲಿ ಟೆಫ್ಲಾನನ್ನೂ ಪಾಲಿಎಥಿಲೀನನ್ನೂ ತಮ್ಮ ತೊಡೆಯೊಳಗೇ ಇರಿಸಿಕೊಂಡರು. ತಿಂಗಳುಗಳ ಮೇಲೆ ಟೆಫ್ಲಾನ್ ಇದ್ದಲ್ಲಿ ಕೈಗೆ ಸಿಗುವ ಗಂಟು; ಪಾಲಿಎಥಿಲೀನ್ ಸುಮ್ಮನೆ ಮಲಗಿತ್ತು. 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಇದನ್ನು ಬರೆದರು. ತನ್ನ ಮೈಯನ್ನೇ ಪರೀಕ್ಷೆಗೆ ಒಡ್ಡಿಕೊಂಡ ಈ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ವಸ್ತುವಿನ ಪ್ರಶ್ನೆ ಬಗೆಹರಿಯಿತು, ಉಳಿದದ್ದು ಗಾಳಿ. ಆಪರೇಷನ್ ಥಿಯೇಟರಿನಲ್ಲಿ ಅಲ್ಲಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತುಂಬಿದ ತಟ್ಟೆಗಳನ್ನು ಬಾಯಿ ತೆರೆದಿಟ್ಟು, ಗಂಟೆಗೆ ಎಷ್ಟು ಬ್ಯಾಕ್ಟೀರಿಯಾ ಬಂದು ಬೀಳುತ್ತವೆಂದು ಎಣಿಸಿದರು. ಅಲ್ಲಿದ್ದವರ ಚರ್ಮದಿಂದ ಉದುರುವ ಹೊಟ್ಟೇ ಅವುಗಳ ವಾಹನ. ಹವೆಯ ಎಂಜಿನಿಯರ್ ಹೊವರ್ತ್ ಅವರ ಜೊತೆಗೂಡಿ ಥಿಯೇಟರಿನೊಳಗೇ ಒಂದು ಪುಟ್ಟ ಗೂಡು ಕಟ್ಟಿಸಿ, ಸೋಸಿದ ಗಾಳಿಯನ್ನು ಮೇಲಿನಿಂದ ಎಡೆಬಿಡದೆ ಇಳಿಸಿದರು. ಸರ್ಜನ್ನರಿಗೆ ಇಡೀ ಮೈ ಮುಚ್ಚುವ, ಉಸಿರನ್ನೂ ಬೆವರನ್ನೂ ಕೊಳವೆಯಲ್ಲಿ ಹೊರಗೆಳೆಯುವ ಉಡುಪು ತೊಡಿಸಿದರು. 1970ರ ಹೊತ್ತಿಗೆ ಕೀವಾಗುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆಯಾದರು. ಆ ವರ್ಷಗಳಲ್ಲಿ ಬೇರೆ ಸುಧಾರಣೆಗಳೂ ಆಗಿದ್ದವಲ್ಲ ಎಂದು ಟೀಕಿಸಿದವರಿಗೆ ಉತ್ತರ 1982ರಲ್ಲಿ ಬಂತು. ಲಿಡ್‌ವೆಲ್ ಎಂಬವರ ಮುಂದಾಳುತನದ ದೊಡ್ಡ ಪರೀಕ್ಷೆಯಲ್ಲಿ ಸಾಮಾನ್ಯ ಥಿಯೇಟರಿನ 4,133 ಆಪರೇಷನ್‌ಗಳಲ್ಲಿ 63 ಕೀವಾದರೆ, ಶುದ್ಧ ಗಾಳಿಯ 3,922ರಲ್ಲಿ 23 ಆದವು. ಚಾರ್ನ್‌ಲಿ ತೀರಿಕೊಂಡದ್ದೂ ಆ ವರ್ಷವೇ.

ಗಾಳಿಯಷ್ಟೇ ಮುಖ್ಯವಾದದ್ದು ಗಡಿಯಾರ. ಪೆನಿಸಿಲಿನ್ ಬಂದ ಹೊಸತರಲ್ಲಿ ಆಪರೇಷನ್ ಮುಗಿದ ಮೇಲೆ ದಿನಗಟ್ಟಲೆ ಕೊಡುವ ರೂಢಿಯಿತ್ತು. ಅದರಿಂದ ಹೆಚ್ಚು ಲಾಭ ಕಾಣದೆ ಹಲವರು ಮುಂಜಾಗ್ರತೆಯ ಔಷಧವೇ ವ್ಯರ್ಥ ಎಂದಿದ್ದರು. ಬಾಸ್ಟನ್‌ನ ಜಾನ್ ಬರ್ಕ್ 1961ರಲ್ಲಿ ಗಿನಿಯಿಲಿಗಳ ಚರ್ಮದಲ್ಲಿ ಇದನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಹೊಕ್ಕುವ ಮೊದಲೇ ಔಷಧ ರಕ್ತದಲ್ಲಿದ್ದರೆ ಗಾಯ ಬಹುಮಟ್ಟಿಗೆ ಶುದ್ಧ. ಒಂದು ಗಂಟೆ ತಡವಾದರೆ ಫಲ ಕಡಿಮೆ. ಮೂರು ಗಂಟೆ ಕಳೆದ ಮೇಲೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. 1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದರ 2,847 ರೋಗಿಗಳ ದಾಖಲೆ ಜಾಲಾಡಿದಾಗ ಮನುಷ್ಯರಲ್ಲೂ ಇದೇ ಕಂಡಿತು: ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಸೋಂಕು ನೂರಕ್ಕೆ 0.6, ಆಪರೇಷನ್ ಶುರುವಾಗಿ ಮೂರು ಗಂಟೆ ದಾಟಿದ ಮೇಲೆ ಸಿಕ್ಕವರಲ್ಲಿ 3.3. ಮನೆಗೆ ಬಂದ ಮೇಲೆ ಬದನೆಕಾಯಿ ತಿಂದರೋ ಇಲ್ಲವೋ ಎಂದು ಜಗಳವಾಡುವವರು ಇದನ್ನು ಕೇಳಬೇಕು. ನಂಜಿನ ಬೀಜ ಬೀಳುವುದು ಬಹುತೇಕ ಆಪರೇಷನ್ ಟೇಬಲ್ಲಿನ ಮೇಲೆಯೇ, ಅಡುಗೆಮನೆಯಲ್ಲಿ ಅಲ್ಲ. ಊಟಕ್ಕೂ ಗಾಯಕ್ಕೂ ನಂಟೇ ಇಲ್ಲವೆಂದೇನಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ, ಮೈಯಲ್ಲಿ ಪ್ರೋಟೀನ್ ಸಾಲದವರಿಗೆ ಸೋಂಕಿನ ಅಪಾಯ ನಿಜವಾಗಿ ಹೆಚ್ಚು. ಪಥ್ಯದ ಹೆಸರಿನಲ್ಲಿ ಬೇಳೆ, ಮೊಟ್ಟೆ, ಮೀನು ಬಿಡಿಸಿ ಬರೀ ಗಂಜಿ ಕುಡಿಸುವುದೇ ಗಾಯಕ್ಕೆ ಕೇಡು.

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಪ್ರಯೋಗಾಲಯದಲ್ಲಿ ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿಕೊಂಡರೆ ಯಾವ ಔಷಧಕ್ಕೂ ಜಗ್ಗುತ್ತಿರಲಿಲ್ಲ. ಮಾತ್ರೆ ನುಂಗುವಷ್ಟು ದಿನ ಗಾಯ ಒಣಗಿ, ಬಿಟ್ಟ ಮೇಲೆ ಮತ್ತೆ ಒಸರುತ್ತಿತ್ತು. ಇದರ ಸುಳಿವು ಸಿಕ್ಕಿದ್ದು ಕೆನಡಾದ ಬೆಟ್ಟದ ತೊರೆಗಳಲ್ಲಿ. ಬಿಲ್ ಕಾಸ್ಟರ್ಟನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ತೊರೆಯ ನೀರನ್ನು ಪರೀಕ್ಷಿಸಿದರೆ ಅದರಲ್ಲಿ ತೇಲುವ ಬ್ಯಾಕ್ಟೀರಿಯಾ ತೀರಾ ಕಡಿಮೆ. ನೀರಿನಡಿಯ ಕಲ್ಲುಗಳ ಜಾರಿಕೆಯಲ್ಲಿ ಮಾತ್ರ ಅವು ಲೆಕ್ಕವಿಲ್ಲದಷ್ಟು, ತಾವೇ ಸುರಿಸಿದ ಲೋಳೆಯೊಳಗೆ ಕಿಕ್ಕಿರಿದು ಕೂತಿದ್ದವು. 1982ರಲ್ಲಿ ಅವರ ತಂಡ ಹೃದಯದ ಪೇಸ್‌ಮೇಕರ್ ತಂತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ ಅಲ್ಲೂ ಅದೇ ಲೋಳೆ, ಅದರೊಳಗೆ ಸ್ಟೆಫಿಲೊಕಾಕಸ್. ಬಯೋಫಿಲ್ಮ್ ಎಂಬ ಹೆಸರು ವೈದ್ಯರ ಬಾಯಿಗೆ ಬಂದದ್ದು ಹೀಗೆ. ಲೋಳೆಯೊಳಗಿನ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ, ಬೆಳೆಯುವ ಜೀವಿಗಳನ್ನೇ ಗುರಿಯಿಡುವ ಔಷಧ ಅವುಗಳ ಮೇಲೆ ನಡೆಯುವುದಿಲ್ಲ. ಅಮೆರಿಕದ ಆಂಥನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟವೆಂದು ಕರೆದರು. ಹೊಸ ಲೋಹದ ಮೇಲೆ ಮೈಯ ಜೀವಕೋಶ ಮೊದಲು ನೆಲೆಯೂರಿದರೆ ಲೋಹ ಉಳಿಯಿತು, ಬ್ಯಾಕ್ಟೀರಿಯಾ ಊರಿದರೆ ಹೋಯಿತು.

ಅಷ್ಟರಲ್ಲಿ ಬೆನ್ನಿನ ಸರಳೂ ಬದಲಾಗಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ಈವ್ ಕೊಟ್ರೆಲ್ ಮತ್ತು ಜಾನ್ ಡುಬೂಸೆ ಎರಡು ಸರಳು, ಹಲವು ಕೊಕ್ಕೆ, ಸ್ಕ್ರೂಗಳ ಹೊಸ ವ್ಯವಸ್ಥೆ ತಂದರು. ಪ್ಲಾಸ್ಟರ್ ಬೇಡವಾಯಿತು, ಮಕ್ಕಳು ಬೇಗ ಎದ್ದು ಓಡಾಡಿದರು. ಆದರೆ ಆಪರೇಷನ್ ಚೆನ್ನಾಗಿ ಆಗಿ ಒಂದು ವರ್ಷ, ಎರಡು ವರ್ಷ, ಇನ್ನೂ ಹೆಚ್ಚು ಕಾಲ ಆರಾಮಾಗಿದ್ದ ಕೆಲವರು ಬೆನ್ನುನೋವೆಂದು ಮರಳಿ ಬಂದರು. ಹಳೆಯ ಗಾಯದ ಗುರುತಿನ ಮೇಲೊಂದು ಸಣ್ಣ ತೂತು, ಅಲ್ಲಿಂದ ದ್ರವ. ಜ್ವರವಿಲ್ಲ. ದ್ರವವನ್ನು ಲ್ಯಾಬಿಗೆ ಕಳಿಸಿದರೆ ಏನೂ ಬೆಳೆಯಲಿಲ್ಲವೆಂಬ ವರದಿ. ಇದು ನಂಜಲ್ಲ, ಸರಳೂ ಕೊಂಡಿಯೂ ಒಂದಕ್ಕೊಂದು ಉಜ್ಜಿ ಉದುರಿದ ಲೋಹದ ಪುಡಿಗೆ ಮೈ ತೋರುವ ಪ್ರತಿಕ್ರಿಯೆ ಎಂದು ಡುಬೂಸೆ ಮತ್ತು ಅಮೆರಿಕದ ಹ್ಯಾರಿ ಶಫಲ್‌ಬಾರ್ಜರ್ ಮೊದಲಾದವರು 1994ರಲ್ಲಿ ಅಭಿಪ್ರಾಯಪಟ್ಟರು. ಅವರ ಪ್ರಬಂಧದ ಶೀರ್ಷಿಕೆಯಲ್ಲಿ ಸೋಂಕು ಎಂಬ ಪದ ಉದ್ಧರಣ ಚಿಹ್ನೆಯೊಳಗಿತ್ತು. ಲೇನ್ ಕಾಲದ ಸಂಶಯ ಎಂಬತ್ತು ವರ್ಷ ದಾಟಿ ಮತ್ತೆ ಬಂದಿತ್ತು.

ಬದಲಾದದ್ದು ಲ್ಯಾಬಿನವರ ತಾಳ್ಮೆ. ಎರಡು ಮೂರು ದಿನಕ್ಕೆ ಎಸೆಯುತ್ತಿದ್ದ ಕಲ್ಚರ್ ತಟ್ಟೆಯನ್ನು ಇನ್ನಷ್ಟು ದಿನ ಇಟ್ಟು ಕಾದಾಗ ಬೆಳೆ ಬಂತು. ಚರ್ಮದ ಎಣ್ಣೆಗ್ರಂಥಿಯ ಆಳದಲ್ಲಿ ವಾಸಿಸುವ, ಮೊಡವೆಗೆ ಹೆಸರಾದ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಅದರಲ್ಲಿ ಮುಖ್ಯವಾದದ್ದು. ಈಗ ಅದಕ್ಕೆ ಕ್ಯುಟಿಬ್ಯಾಕ್ಟೀರಿಯಂ ಎಂಬ ಹೊಸ ಹೆಸರಿದೆ. ಬೆನ್ನಿನ ಮೇಲ್ಭಾಗದಲ್ಲಿ ಅದು ಧಾರಾಳ. ಮೇಲೆ ಹಚ್ಚುವ ಅಯೋಡಿನ್ ಅದರ ಬಿಲದವರೆಗೆ ಇಳಿಯುವುದಿಲ್ಲ. ಆಪರೇಷನ್ ದಿನವೇ ಲೋಹದ ಮೇಲೆ ಕೂತು ಸದ್ದಿಲ್ಲದೆ ವರ್ಷಗಟ್ಟಲೆ ಇರಬಲ್ಲದು. 1999ರಲ್ಲಿ ಶಫಲ್‌ಬಾರ್ಜರ್ ಅವರೇ ಕ್ಲಾರ್ಕ್ ಎಂಬವರ ಜೊತೆಗೂಡಿ ಇದು ತಡವಾಗಿ ಕಾಣಿಸಿಕೊಳ್ಳುವ ಸೋಂಕೇ ಎಂದು ಬರೆದರು. ಈ ಬಾರಿ ಉದ್ಧರಣ ಚಿಹ್ನೆ ಇರಲಿಲ್ಲ. ಐದು ವರ್ಷದಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಂಡು ಅಚ್ಚಿಗೆ ಕೊಡುವುದು ದೊಡ್ಡತನ. ಮೂಳೆ ಬೆಸೆದುಕೊಂಡ ಮೇಲೆ ಬಂದ ಇಂಥ ನಂಜಿಗೆ ಸರಳನ್ನು ತೆಗೆದುಹಾಕಿ ಔಷಧ ಕೊಟ್ಟರೆ ಗಾಯ ಸಾಮಾನ್ಯವಾಗಿ ಮಾಯುತ್ತದೆ. ಆಪರೇಷನ್ ಆದ ಕೆಲವೇ ವಾರಗಳಲ್ಲಿ ಕೀವಾದರೆ ಸರಳು ತೆಗೆಯಲಾಗದು, ತೆಗೆದರೆ ಬೆನ್ನು ನಿಲ್ಲುವುದಿಲ್ಲ. ಆಗ ಗಾಯವನ್ನು ಮತ್ತೆ ತೆರೆದು ತೊಳೆದು, ಸತ್ತ ಮಾಂಸ ತೆಗೆದು, ಲೋಹ ಅಲ್ಲೇ ಬಿಟ್ಟು ವಾರಗಟ್ಟಲೆ ಔಷಧ ಕೊಡುತ್ತಾರೆ.

ಇನ್ನು ಕ್ಷಯ. ಹಾದ್ರಾ, ಲಾಂಗೆ, ಹಿಬ್ಸ್ ಎಲ್ಲರನ್ನೂ ಬೆನ್ನಿನತ್ತ ಎಳೆದ ಆ ರೋಗ ನಮ್ಮಲ್ಲಿ ಇಂದಿಗೂ ಇದೆ. ಕ್ಷಯದ ಕೀವು ತುಂಬಿದ ಬೆನ್ನಿನಲ್ಲಿ ಲೋಹ ಇಡುವುದೆಂದರೆ ಸರ್ಜನ್ನರು ಬಹುಕಾಲ ಹೆದರಿದರು. 1993ರಲ್ಲಿ ಜಪಾನಿನ ಓಗಾ ಮತ್ತು ಸಂಗಡಿಗರು ಸ್ಟೀಲ್ ತುಣುಕುಗಳ ಮೇಲೆ ಎರಡು ಜೀವಿಗಳನ್ನು ಬೆಳೆಸಿ ನೋಡಿದರು. ಚರ್ಮದ ಸ್ಟೆಫಿಲೊಕಾಕಸ್ ದಪ್ಪ ಲೋಳೆ ಕಟ್ಟಿತು. ಕ್ಷಯದ ಜೀವಿ ಅಲ್ಲೊಂದು ಇಲ್ಲೊಂದು ಅಂಟಿ, ಲೋಳೆ ಕಟ್ಟಲೇ ಇಲ್ಲ ಎನ್ನುವಷ್ಟು ಕಡಿಮೆ. ಕ್ಷಯದ ಮಾತ್ರೆ ಸರಿಯಾಗಿ ನಡೆಯುತ್ತಿದ್ದರೆ ಸರಳು ಹಾಕಬಹುದೆಂಬ ಧೈರ್ಯ ಇದರಿಂದ ಬಲವಾಯಿತು. ಭಾರತದಂಥ ದೇಶಕ್ಕೆ ಇದಕ್ಕಿಂತ ಉಪಕಾರದ ಸಂಶೋಧನೆ ಈ ಕಥೆಯಲ್ಲಿ ಇನ್ನೊಂದಿಲ್ಲ.

ಇತ್ತೀಚಿನ ಅಧ್ಯಾಯದಲ್ಲಿ ನಮ್ಮ ನೆರೆಯ ಊರಿನವರೂ ಇದ್ದಾರೆ. 2011ರಲ್ಲಿ ಅಮೆರಿಕದಿಂದ ಬಂದ ವರದಿಯೊಂದರಲ್ಲಿ, ಹೊಲಿಗೆ ಹಾಕುವ ಮುಂಚೆ ವ್ಯಾಂಕೊಮೈಸಿನ್ ಎಂಬ ಔಷಧದ ಪುಡಿಯನ್ನು ನೇರ ಗಾಯದೊಳಗೆ ಉದುರಿಸಿದರೆ ಬೆನ್ನಿನ ಸೋಂಕು ನೂರಕ್ಕೆ 2.6ರಿಂದ 0.2ಕ್ಕೆ ಇಳಿಯಿತೆಂದಿತ್ತು. ಆದರೆ ಅದು ಹಳೆಯ ರೋಗಿಗಳನ್ನು ಹೊಸಬರೊಂದಿಗೆ ಹೋಲಿಸಿದ ಲೆಕ್ಕ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ತುಬಕಿ, ರಾಜಶೇಖರನ್ ಮತ್ತು ಶೆಟ್ಟಿ 907 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ 2013ರಲ್ಲಿ ಫಲಿತಾಂಶ ಕೊಟ್ಟರು. ಪುಡಿ ಹಾಕದವರಲ್ಲಿ ಸೋಂಕು ನೂರಕ್ಕೆ 1.68, ಹಾಕಿದವರಲ್ಲಿ 1.61. ವ್ಯತ್ಯಾಸವಿಲ್ಲ. ಮೂಲ ಸೋಂಕೇ ಕಡಿಮೆಯಿರುವ ಕಡೆ ಪುಡಿಯಿಂದ ಹೆಚ್ಚಿನ ಲಾಭವಿಲ್ಲ ಎಂದಷ್ಟೇ ಇದರ ಅರ್ಥ. ಪುಡಿ ಉದುರಿಸುವ ರೂಢಿ ಹಲವೆಡೆ ಈಗಲೂ ಇದೆ. ನನಗೆ ಮುಖ್ಯವಾಗಿ ಕಂಡದ್ದು, ಇಂಥ ಸೂಕ್ಷ್ಮ ಪ್ರಶ್ನೆಯನ್ನು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದ ಮೊದಲಿಗರು ದಕ್ಷಿಣ ಭಾರತದಲ್ಲಿ ಇದ್ದರು ಎಂಬುದು.

ಅದೇ 2013ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಲೆಕ್ಕದ ನಿಯಮ ಬದಲಿಸಿತು. ಮೈಯೊಳಗೆ ಲೋಹ ಇಟ್ಟ ಆಪರೇಷನ್ ಆದವರನ್ನು ಅಲ್ಲಿಯವರೆಗೆ ಒಂದು ವರ್ಷ ಗಮನಿಸಬೇಕಿತ್ತು, ಬೆನ್ನಿನ ಬೆಸುಗೆಗೆ ಈಗ 90 ದಿನ ಸಾಕು. ವರ್ಷವಿಡೀ ರೋಗಿಗಳನ್ನು ಹಿಂಬಾಲಿಸುವುದು ಕಷ್ಟ, ಬಹಳಷ್ಟು ಸೋಂಕು ಬೇಗನೆ ಕಾಣಿಸಿಕೊಳ್ಳುತ್ತದೆ ಎಂಬುದು ಒಪ್ಪತಕ್ಕ ಮಾತೇ. ಆದರೂ ಇದು ನನಗೆ ಸರಿಕಾಣುವುದಿಲ್ಲ. ಎರಡನೆಯ ವರ್ಷ ಹಳೆಯ ಗಾಯದ ಮೇಲೆ ತೂತು ಬಿದ್ದು, ಬೇರೆ ಊರಿನ ಬೇರೆ ಡಾಕ್ಟರ ಬಳಿ ಹೋಗಿ, ಎರಡು ದಿನದ ಕಲ್ಚರಿನಲ್ಲಿ ಏನೂ ಇಲ್ಲವೆಂದು ತಿಳಿದು ಬಂದವರು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರುವುದಿಲ್ಲ. ಅಂಥವರು ಲ್ಯಾಬಿನವರಿಗೆ ಹೇಳಬೇಕಾದದ್ದು ಒಂದೇ: ಒಳಗೆ ಲೋಹವಿದೆ, ತಟ್ಟೆಯನ್ನು ಹದಿನಾಲ್ಕು ದಿನ ಇಟ್ಟು ನೋಡಿ.